ಬನ್ನಿ ಕೊಟ್ಟವರು, ಬನ್ನಿ ತಗೊಂಡವರು

ಬನ್ನಿಮಂಟಪ ಅಂದರೆ ಹೊರಗಿನವರಿಗೆ ವರ್ಷಕ್ಕೊಂದು ಸಂಜೆ. ವಿಜಯದಶಮಿಯಂದು ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು 5 ಕಿಲೋಮೀಟರ್ ನಡೆದು ಇಲ್ಲಿಗೆ ಬಂದು ಮುಟ್ಟುತ್ತದೆ. 750 ಕಿಲೋ ತೂಕದ ಅಂಬಾರಿ ಹೊತ್ತ ಆನೆಯ ಕೆಲಸ ಮುಗಿಯುವುದು ಇಲ್ಲೇ. ಕತ್ತಲಾದ ಮೇಲೆ ಪಂಜಿನ ಕವಾಯತು. ಮಿಕ್ಕ ದಿನಗಳಲ್ಲಿ ಅದು ಸಿಟಿ ಬಸ್ಸಿನ ಬೋರ್ಡಿನ ಮೇಲಿನ ಒಂದು ಹೆಸರು, ಕೆಎಸ್‌ಆರ್‌ಟಿಸಿ ಡಿಪೋ, ಸಂತ ಫಿಲೋಮಿನಾ ಕಾಲೇಜಿನ ಗೇಟು, ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಬಿಳಿ ಕೋಟಿನ ಹುಡುಗ ಹುಡುಗಿಯರು. ಅರಸರು ಅಷ್ಟು ವೈಭವದಿಂದ ಇಲ್ಲಿಗೆ ಬರುತ್ತಿದ್ದುದು ಒಂದು ಮುಳ್ಳುಮರದ ಪೂಜೆಗೆ ಎಂಬುದು ಆ ಓಡಾಟದಲ್ಲಿ ಯಾರಿಗೂ ನೆನಪಿರುವುದಿಲ್ಲ.

ದಸರೆಗೆ ಮುಂಚಿನ ಒಂದು ಮಧ್ಯಾಹ್ನ ಆ ಬಡಾವಣೆಯ ಮನೆಯೊಂದರ ವರಾಂಡದಲ್ಲಿ ಇಬ್ಬರ ನಡುವೆ ಜಗಳಕ್ಕೆ ಹತ್ತಿರದ ಮಾತು ನಡೆದಿತ್ತು. ಒಬ್ಬರು ಧಾರವಾಡ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅಕ್ಕಾವರು. ಮಗಳ ಮನೆಗೆ ಬಂದವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಈಗ ವಾಕರ್ ಹಿಡಿದು ಹೆಜ್ಜೆ ಇಡುತ್ತಿದ್ದಾರೆ. ಇನ್ನೊಬ್ಬರು ಪಕ್ಕದ ಮನೆಯ ಬಸ್ ಕಂಡಕ್ಟರ್, ನಂಜನಗೂಡು ತಾಲ್ಲೂಕಿನವರು. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಅಕ್ಕಾವರ ಮಧ್ಯಾಹ್ನದ ಊಟ ಕಂಡಕ್ಟರ್ ಮನೆಯಿಂದ ಬರುತ್ತದೆ. ಯಾರೂ ಕೇಳಿ ಮಾಡಿಕೊಂಡ ಏರ್ಪಾಡಲ್ಲ. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಆತನ ಹೆಂಡತಿ ಒಂದು ಕ್ಯಾರಿಯರ್ ತಂದಿಟ್ಟರು, ಆಮೇಲೆ ಅದು ನಿಲ್ಲಲಿಲ್ಲ.

ಅವತ್ತು ಕ್ಯಾರಿಯರ್ ಹಿಡಿದು ಬಂದ ಕಂಡಕ್ಟರ್ ಮೊದಲು ಜೇಬಿನಿಂದ 500ರ ನೋಟು ತೆಗೆದು ಟೀಪಾಯಿಯ ಮೇಲಿಟ್ಟರು.

"ಇದೇನಮ್ಮಾ ಇದು? ನಿನ್ನೆ ಡಬ್ಬಿ ತೊಳೆಯೋಕೆ ಹೋದ್ರೆ ಒಳಗಿತ್ತು."

"ಡಬ್ಬಿ ಖಾಲಿ ಕಳಸಬಾರದಂತ, ತಮ್ಮಾ. ಮೊದಲಾಗಿದ್ರ ಒಂದೀಟು ಶೇಂಗಾ ಚಟ್ನಿಪುಡಿ ಹಾಕಿ ಕಳಸ್ತಿದ್ದೆ. ಈಗ ಒಲಿ ಮುಂದ ನಿಂದ್ರಾಕ ಆಗೂದಿಲ್ಲ. ಅದಕ್ಕ…"

"ಅದಕ್ಕೆ ನೋಟು ಹಾಕಿದ್ರಾ? ನಮ್ಮ ಮನೆ ಏನು ಮೆಸ್ಸಾ?"

ಅಕ್ಕಾವರು ನೋಟನ್ನು ಮುಟ್ಟಲಿಲ್ಲ. "ಸಿಟ್ಟಾಗಬ್ಯಾಡ. ಸರ್ವಿಸ್ ತುಂಬ ಸಾಲಿ ಹುಡುಗೂರ ಫೀ ಕಟ್ಟೀನಿ, ಬುಕ್ಕ ಕೊಡಸೀನಿ, ಪರೀಕ್ಷಾ ದಿನ ಮನಿಯಾಗ ಉಣ್ಣಾಕ ಹಾಕೀನಿ. ಕೊಡೂದು ನನಗ ಚಲೋ ಗೊತ್ತದ. ದೇವರು ಕೊಟ್ಟಾನ, ನಾ ದಾಟಸ್ತೀನಿ ಅಂತ ಇದ್ದೆ. ಈಗ ನನ್ನ ಕೈ ಕೆಳಗ ಬಂತು. ಇದು ನನಗ ಬರವೊಲ್ಲದು."

ಈ ಮಾತಿಗೆ ಕಂಡಕ್ಟರ್ ಕೂತರು. ಡ್ಯೂಟಿ ಎರಡು ಗಂಟೆಗೆ ಇತ್ತು.

ತಗೊಳ್ಳುವವರ ಮುಖ ತಾನು ದಿನವೂ ನೋಡುತ್ತೇನೆ ಎಂದರು ಆತ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಉಚಿತವಾದಾಗ ಮೊದಲ ವಾರಗಳಲ್ಲಿ ಗದ್ದಲವೋ ಗದ್ದಲ. ಆದರೆ ಆತನಿಗೆ ನೆನಪಿರುವುದು ಗದ್ದಲವಲ್ಲ. ಹಳ್ಳಿಯಿಂದ ಸೊಪ್ಪಿನ ಕುಕ್ಕೆ ಹೊತ್ತು ಹತ್ತುತ್ತಿದ್ದ ಒಬ್ಬ ಮುದುಕಿ. ಶೂನ್ಯ ಟಿಕೆಟ್ ಹರಿದು ಕೊಟ್ಟರೆ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಚಾಚುತ್ತಿದ್ದರು. ಬೇಡ ಅಂದರೆ, ಇಟ್ಟುಕೋ ಮಗ, ಟೀ ಕುಡಿ, ಅನ್ನುತ್ತಿದ್ದರು. ಹಿಂದಿನ ಸೀಟಿನಿಂದ ಗಂಡಸರು ಯಾರಾದರೂ, ಪುಕ್ಸಟ್ಟೆ ಸಿಕ್ಕಿದ್ದಕ್ಕೇ ಇಷ್ಟು ರಶ್ಶು, ಎಂದು ಗೊಣಗಿದರೆ ಆ ಅಜ್ಜಿ ಸೀಟಿದ್ದರೂ ಕೂರುತ್ತಿರಲಿಲ್ಲ.

"ಅದು ದಯಾ ಅಲ್ಲ ತಮ್ಮಾ," ಎಂದರು ಅಕ್ಕಾವರು. ಮೇಷ್ಟರಿಕೆ ತಲೆ ಎತ್ತಿತ್ತು. "ಸರಕಾರದ ರೊಕ್ಕ ಅಂದ್ರ ಆಕೀದೂ ರೊಕ್ಕ. ಬೆಂಕಿಪೊಟ್ಟಣ ಕೊಂಡ್ರೂ ತೆರಿಗಿ ಕಟ್ಟತಾಳ. ಅದು ಹಕ್ಕು. ಹಕ್ಕು, ದಯಾ ಎರಡೂ ಕಲಸಬ್ಯಾಡ."

"ಒಪ್ಪಿದೆ. ಆದ್ರೆ ಹಕ್ಕು ಅಂತ ಗೊತ್ತಿದ್ರೂ ಕೈ ನಾಚ್ಕೊಳ್ಳುತ್ತಲ್ಲಾ? ನಿಮ್ಮ ಕೈ ಹಾಗೇ ತಾನೆ ಈಗ?"

ಆತ ಸುಮ್ಮನಾಗುವ ಪೈಕಿಯಲ್ಲ. ನಿಮ್ಮ ಕಡೆ ದಸರಾ ಹಬ್ಬಕ್ಕೆ ಬನ್ನಿ ಕೊಡ್ತಾರಂತಲ್ಲ, ಹೇಗೆ ಕೊಡ್ತಾರೆ ಎಂದು ಕೇಳಿದರು. ಬನ್ನಿಮಂಟಪದಲ್ಲೇ ಮನೆ ಇದ್ದರೂ ಆತ ಯಾರಿಗೂ ಬನ್ನಿ ಕೊಟ್ಟವರಲ್ಲ. ಹಳೇ ಮೈಸೂರಿನಲ್ಲಿ ಬನ್ನಿ ಪೂಜೆಯ ಮರ. ಈಗಲೂ ರಾಜಮನೆತನದವರು ಅರಮನೆ ಆವರಣದ ಭುವನೇಶ್ವರಿ ಗುಡಿಯ ಬಳಿ ಪೂಜೆ ಮಾಡುತ್ತಾರೆ. ಮನೆಮನೆಗೆ ಹೋಗಿ ಎಲೆ ಹಂಚುವ ರೂಢಿ ಉತ್ತರ ಕರ್ನಾಟಕದ್ದು.

ಅಕ್ಕಾವರ ಮುಖ ಅರಳಿತು. ಸಂಜಿಮುಂದ ಊರ ಹೊರಗಿನ ಬನ್ನಿಗಿಡಕ್ಕೆ ಹೋಗಿ ಎಲೆ ತರುವುದು, ಮೊದಲು ದೇವರಿಗೆ, ಆಮೇಲೆ ಮನೆಯ ಹಿರಿಯರಿಗೆ, ಆಮೇಲೆ ಓಣಿಗೆಲ್ಲ. ಸಣ್ಣವರು ದೊಡ್ಡವರ ಕೈಗೆ ಎಲೆ ಇಟ್ಟು ಕಾಲು ಮುಟ್ಟುತ್ತಾರೆ. ಸರೀಕರಾದರೆ ಅಪ್ಪಿಕೊಳ್ಳುತ್ತಾರೆ. ಬನ್ನಿ ತಗೊಂಡು ಬಂಗಾರದಂಗ ಇರೂಣು ಅನ್ನುತ್ತಾರೆ. ಕೊಟ್ಟವನು ಬರಿಗೈಯಲ್ಲಿ ಬರುವುದಿಲ್ಲ. ತಗೊಂಡವನು ತನ್ನ ಕೈಯ ಎಲೆಯನ್ನು ಅವನಿಗೆ ಕೊಡುತ್ತಾನೆ. ಹೊಲದ ಬದುವಿಗೆ ಜಗಳಾಡಿ ಮಾತು ಬಿಟ್ಟವರೂ ಅವತ್ತು ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಹೋಗದಿದ್ದರೆ ಊರು ಮಾತಾಡುತ್ತದೆ.

"ಆಗ ನಿಮ್ಮ ಕೈ ಮೇಲಿರುತ್ತೋ ಕೆಳಗಿರುತ್ತೋ?"

"ಎರಡೂ ಇರತದ," ಎಂದು ನಕ್ಕರು ಅಕ್ಕಾವರು. "ಆದ್ರ ಅದು ಎಲಿ. ಅನ್ನ ಅಲ್ಲ."

ಎಲೆಗೆ ಬಂಗಾರದ ಬೆಲೆ ಬಂದ ಕತೆಯನ್ನು ಅಕ್ಕಾವರೇ ಹೇಳಿದರು. ಪಾಂಡವರು ಆಯುಧ ಬಚ್ಚಿಟ್ಟ ಕತೆ ಎಲ್ಲರಿಗೂ ಗೊತ್ತು. ಇದು ಇನ್ನೊಂದು. ವರತಂತು ಎಂಬ ಗುರು, ಕೌತ್ಸನೆಂಬ ಶಿಷ್ಯ. ಕೌತ್ಸ 14 ವಿದ್ಯೆ ಕಲಿತು ಮುಗಿಸಿದ, ಗುರುದಕ್ಷಿಣೆ ಏನು ಕೊಡಲಿ ಎಂದ. 14 ಕೋಟಿ ಹೊನ್ನು ಎಂದರು ಗುರುಗಳು. ಅವನು ರಘು ಮಹಾರಾಜನ ಹತ್ತಿರ ಹೋದ. ರಘು ಆಗಷ್ಟೇ ವಿಶ್ವಜಿತ್ ಯಾಗ ಮಾಡಿ ಇದ್ದುದೆಲ್ಲ ದಾನ ಕೊಟ್ಟಿದ್ದ. ಅತಿಥಿಗೆ ಅರ್ಘ್ಯ ಕೊಡಲು ಮಣ್ಣಿನ ಪಾತ್ರೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಆ ಮಣ್ಣಿನ ಪಾತ್ರೆ ನೋಡಿಯೇ ಕೌತ್ಸ ಹೊರಟುನಿಂತ. ಬೇಡಿ ಬಂದವನು ರಘುವಿನ ಮನೆಯಿಂದ ಬರಿಗೈಯಲ್ಲಿ ಹೋದ ಎಂಬ ಮಾತು ಬರಬಾರದೆಂದು ರಾಜ ಅವನನ್ನು ಎರಡು ಮೂರು ದಿನ ನಿಲ್ಲಿಸಿಕೊಂಡು ಕುಬೇರನ ಮೇಲೆ ದಂಡೆತ್ತಲು ಸಜ್ಜಾದ. ರಾತ್ರಿ ಬೆಳಗಾಗುವುದರೊಳಗೆ ಹೊನ್ನಿನ ಮಳೆ. ಕಾಳಿದಾಸನ ರಘುವಂಶದ 5ನೇ ಸರ್ಗದಲ್ಲಿ ಅದು ಬೀಳುವುದು ಬೊಕ್ಕಸದಲ್ಲಿ. ಜನರ ಬಾಯಲ್ಲಿ ಅದು ಬನ್ನಿಗಿಡದ ಮೇಲೆ ಬಿತ್ತು.

"ಮುಂದಿಂದು ಚಂದ ಅದ. ರಾಜಾ ಅಂದ, ನಿನ್ನ ನೆಪದಿಂದ ಬಂದದ್ದು, ಎಲ್ಲಾ ನಿನ್ನದ, ತಗೊಂಡು ಹೋಗು. ಕೌತ್ಸ ಅಂದ, ನನಗ ಗುರುಗಳ ಲೆಕ್ಕದಷ್ಟ ಸಾಕು, ಅದರ ಮ್ಯಾಲ ಒಂದು ಬ್ಯಾಡ. ಕೇಳಿದ್ದಕ್ಕಿಂತ ಹೆಚ್ಚು ಕೊಡಾಂವ ಒಬ್ಬ, ಬೇಕಾದ್ದಕ್ಕಿಂತ ಹೆಚ್ಚು ಒಲ್ಲಾಂವ ಒಬ್ಬ. ಊರ ಮಂದಿ ಇಬ್ಬರನ್ನೂ ಹೊಗಳಿದರು ಅಂತ ಕಾಳಿದಾಸ ಬರೀತಾನ. ನಾ ಸಾಲಿಯೊಳಗ ಪ್ರತಿ ವರ್ಷ ಹೇಳ್ತಿದ್ದೆ. ಒಲ್ಲೆ ಅನ್ನೂದಕ್ಕೂ ಮರ್ಯಾದಿ ಅದ ನೋಡ."

ಕಂಡಕ್ಟರ್ ಸ್ವಲ್ಪ ಹೊತ್ತು ಯೋಚಿಸಿದರು. "ಅಮ್ಮಾ, ಒಂದು ಡೌಟು. ಆ ಗುರು ಮೊದಲೇ 14 ಕೋಟಿ ಕೇಳಿದ್ರಾ? ಕಲಿಸಿ ಆದ್ಮೇಲೆ ಅಂಥ ಬಿಲ್ಲು ಹಾಕೋ ಗುರು ಎಂಥ ಗುರು?"

ಅಕ್ಕಾವರು ಉತ್ತರ ಕೊಡಲು ತಡಮಾಡಿದರು. ಯಾಕೆಂದರೆ ಕತೆಯ ಆ ಭಾಗವನ್ನು ಬಿಟ್ಟೇ ಹೇಳಿದ್ದರು. ವರತಂತು ಮೊದಲು ಏನೂ ಕೇಳಲಿಲ್ಲ. ನೀನು ಭಕ್ತಿಯಿಂದ ಮಾಡಿದ ಸೇವೆಯೇ ದಕ್ಷಿಣೆ, ಹೋಗಿ ಬಾ ಎಂದಿದ್ದ. ಕೌತ್ಸ ಬಿಡಲಿಲ್ಲ. ಏನಾದರೂ ಕೇಳಲೇಬೇಕು ಎಂದು ಮತ್ತೆ ಮತ್ತೆ ಹಟ ಹಿಡಿದ. ಗುರುವಿಗೆ ರೇಗಿತು. ಹುಡುಗನ ಬಡತನವನ್ನೂ ನೋಡದೆ, ವಿದ್ಯೆಗೆ ಒಂದು ಕೋಟಿಯಂತೆ ತಾ ಎಂದುಬಿಟ್ಟ.

"ಅಂದ್ರೆ ಪುಕ್ಸಟ್ಟೆ ಕೊಟ್ಟಿದ್ದನ್ನ ಸುಮ್ನೆ ತಗೊಂಡು ಕೈ ಮುಗಿದು ಹೋಗಿದ್ರೆ ಮುಗೀತಿತ್ತು. ಇವನಿಗೆ ತಡ್ಕೊಳ್ಳೋಕಾಗ್ಲಿಲ್ಲ. ಡಬ್ಬಿಗೆ 500 ರೂಪಾಯಿ ಹಾಕ್ದ."

ಅಕ್ಕಾವರು ಬಿದ್ದು ಬಿದ್ದು ನಕ್ಕರು. ನಗುವಿಗೆ ಸೊಂಟ ನೋಯಿತು. ಕತೆ ಹೇಳುವವರು ಸಾಮಾನ್ಯವಾಗಿ ರಘುವಿನ ಔದಾರ್ಯದಲ್ಲೇ ನಿಂತುಬಿಡುತ್ತಾರೆ. ಇಡೀ ಪ್ರಸಂಗ ಹುಟ್ಟಿದ್ದು ಒಬ್ಬ ಶಿಷ್ಯನಿಗೆ ಪ್ರೀತಿಯನ್ನು ಲೆಕ್ಕವಿಲ್ಲದೆ ತೆಗೆದುಕೊಳ್ಳಲು ಬಾರದ್ದರಿಂದ ಎಂಬುದನ್ನು ಒಬ್ಬ ಕಂಡಕ್ಟರ್ ಹಿಡಿದದ್ದು ಸಹಜವೇ. ಚಿಲ್ಲರೆ ಬಾಕಿಯನ್ನು ಟಿಕೆಟ್ಟಿನ ಬೆನ್ನ ಮೇಲೆ ಬರೆದು ಬರೆದು ಯಾವ ಲೆಕ್ಕ ತೀರುತ್ತದೆ, ಯಾವುದು ತೀರುವುದಿಲ್ಲ ಎಂದು ಬಲ್ಲವರು ಅವರು.

ಆದರೆ ಅಕ್ಕಾವರು ಅಷ್ಟಕ್ಕೆ ಸೋಲಲಿಲ್ಲ. ತಗೊಳ್ಳುವುದು ಸಣ್ಣ ಮಾತಲ್ಲ, ತಗೊಂಡವರಿಗೇ ಗೊತ್ತು ಅದರ ಸುಡುವಿಕೆ ಎಂದರು. ಅವರ ತಂದೆ ವಾರಾನ್ನದ ಹುಡುಗ. ಒಂದು ಕಾಲಕ್ಕೆ ಮೈಸೂರು, ಧಾರವಾಡದಂಥ ಊರಿಗೆ ಓದಲು ಬಂದ ಎಷ್ಟೋ ಬಡ ಹುಡುಗರು ಬದುಕಿದ್ದು ಹೀಗೆ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಏಳು ದಿನಕ್ಕೆ ಏಳು ಮನೆ. ಒಂದು ಮನೆಯಲ್ಲಿ ಸೂತಕವೋ, ಯಜಮಾನರ ವರ್ಗವೋ ಆದರೆ ಆ ವಾರಕ್ಕೆ ತೂತು ಬಿತ್ತು. ಅವತ್ತು ನೀರು ಕುಡಿದು ಮಲಗುವುದು. ಭೈರಪ್ಪನವರ ಆತ್ಮಕತೆ ಭಿತ್ತಿಯಲ್ಲಿ ಆ ಹಸಿವು ಮೈ ಜುಮ್ಮೆನ್ನುವಂತೆ ಬಂದಿದೆ. ಒಂದು ಮನೆಯಲ್ಲಿ ತುಪ್ಪ ಹಾಕುತ್ತಿದ್ದ ಕೈ, ಇನ್ನೊಂದು ಮನೆಯಲ್ಲಿ ಅನ್ನದ ಮೇಲೆ ಅನ್ನ ಕೇಳಿದರೆ ಬಿಗಿಯುತ್ತಿದ್ದ ಮುಖ. ತಂದೆ ಎಪ್ಪತ್ತು ದಾಟಿದ ಮೇಲೂ ಯಾವ ವಾರದ ಮನೆಯಲ್ಲಿ ಏನು ಬಡಿಸಿದರು, ಹೇಗೆ ಬಡಿಸಿದರು ಎಂಬುದನ್ನು ಮರೆತಿರಲಿಲ್ಲ.

"ಮುಖ ಬಿಗಿದು ಹಾಕಿದ್ದೂ ಅನ್ನನ. ಆದ್ರ ಅದರಾಗ ದೇವರಿದ್ದನೇನು?"

ಕಂಡಕ್ಟರ್ ಬೇರೆ ಎಳೆ ಹಿಡಿದರು. "ಆ ಏಳು ಮನೆ ನಮ್ಮಂಥೋರಿಗೆ ತೆರೀತಿರಲಿಲ್ಲ ಅಲ್ವಾ ಅಮ್ಮಾ?"

ಇಲ್ಲ ಎಂದರು ಅಕ್ಕಾವರು. ಸುತ್ತುಬಳಸಲಿಲ್ಲ. ವಾರಾನ್ನಕ್ಕೆ ಜಾತಿಯ ಹೊಸಿಲಿತ್ತು. ಹಳ್ಳಿಯ ಒಕ್ಕಲು ಮಕ್ಕಳು, ದಲಿತರ ಮಕ್ಕಳು ಮೈಸೂರಿಗೆ ಬಂದು ಓದಬೇಕಾದರೆ ಬೇರೆ ಬಾಗಿಲು ಬೇಕಿತ್ತು, ಅವು ತೆರೆದದ್ದು ನಿಧಾನವಾಗಿ. ಹಾಗೆ ತೆರೆದವರಲ್ಲಿ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ (1916–1986) ಒಬ್ಬರು. 1940ರ ದಶಕದಲ್ಲಿ ಮೈಸೂರಿನಲ್ಲಿ ಹಳ್ಳಿ ಹುಡುಗರಿಗೆ ಊಟ, ವಸತಿ ಕೊಟ್ಟರು. 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಹುಟ್ಟಿತು. 1984ರಲ್ಲಿ ಶುರುವಾದ ಅದರ ವೈದ್ಯಕೀಯ ಕಾಲೇಜು ಇಬ್ಬರೂ ಮಾತಾಡುತ್ತಿದ್ದ ಮನೆಯಿಂದ ದೂರವಿಲ್ಲ.

ಕಂಡಕ್ಟರ್ ಆ ಅನ್ನ ಉಂಡವರು. ತಂದೆ ತೀರಿಕೊಂಡ ಮೇಲೆ ತಾಯಿ ಕಪಿಲಾ ನದಿ ದಾಟಿಸಿ ಮಠದ ಹಾಸ್ಟೆಲ್ಲಿಗೆ ಬಿಟ್ಟು ಹೋದರಂತೆ. ಹುಡುಗ ಮೊದಲ ವಾರ ಸರಿಯಾಗಿ ಉಣ್ಣಲಿಲ್ಲ. ಬೇರೆಯವರ ಮನೆಯ ಅನ್ನ ಎಂದು ಗಂಟಲಲ್ಲಿ ಇಳಿಯಲಿಲ್ಲ.

"ಆಮೇಲೆ ಹೆಂಗ ಇಳೀತು?"

"ಯಾರೂ ಬುದ್ಧಿ ಹೇಳಲಿಲ್ಲ. ಅಲ್ಲಿ ಊಟಕ್ಕೆ ಪ್ರಸಾದ ಅಂತಾರೆ. ಪ್ರಸಾದ ಅಂದ್ಮೇಲೆ ಅದು ಸ್ವಾಮೀಜಿದೂ ಅಲ್ಲ, ಅಕ್ಕಿ ಮೂಟೆ ಕೊಟ್ಟ ಭಕ್ತರದೂ ಅಲ್ಲ. ಮೊದಲೇ ದೇವರಿಗೆ ಹೋಗಿ ಬಂದಿದೆ. ಗುಡೀಲಿ ಪ್ರಸಾದ ಈಸ್ಕೊಳ್ಳೋವಾಗ ಎಂಥ ಸಾಹುಕಾರನೂ ಬಲಗೈ ಕೆಳಗೆ ಎಡಗೈ ಇಟ್ಟು ಬಗ್ಗಲ್ವಾ? ಯಾರಾದರೂ ಪೂಜಾರಿಗೆ ಥ್ಯಾಂಕ್ಸ್ ಹೇಳ್ತಾರಾ? ಆ ಲೆಕ್ಕ ತಲೆಗೆ ಹೋದ ದಿನ ಎರಡು ಸಲ ಹಾಕಿಸ್ಕೊಂಡೆ. ದೊಡ್ಡ ಕ್ಲಾಸಿಗೆ ಬಂದ್ಮೇಲೆ ನಾನೂ ಬಕೆಟ್ಟು ಹಿಡ್ಕೊಂಡು ಬಡಿಸಿದ್ದೀನಿ. ಸಣ್ಣ ಹುಡುಗರು ಹೊಸದಾಗಿ ಬಂದೋರು ತಲೆ ಬಗ್ಗಿಸ್ಕೊಂಡಿರ್ತಾರೆ, ಗೊತ್ತಾಗ್ಬಿಡುತ್ತೆ. ಅವರ ತಟ್ಟೆಗೆ ಕೇಳದೆ ಒಂದು ಸೌಟು ಜಾಸ್ತಿ."

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಮಾತೂ ಬಂತು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಬೆಳಗಿನ ಹೊತ್ತು. ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ಸುದ್ದಿ ಹೊರಗೆ ಬಂತು. ಹಾಗೇ ಆಗಬೇಕೆಂದು ಅವರೇ ಹೇಳಿಟ್ಟಿದ್ದರು. ಕೊಟ್ಟವರು ಹೋದರೆಂಬ ದುಃಖ ಕೂಡ ಆ ಹೊತ್ತಿನ ಅನ್ನಕ್ಕೆ ಅಡ್ಡ ಬರಬಾರದು.

"ದೇವರ ಪ್ರೀತಿ ಅಂದ್ರೆ ನನಗೆ ಗೊತ್ತಿರೋದು ಅಷ್ಟೇ ಅಮ್ಮಾ," ಎಂದರು ಕಂಡಕ್ಟರ್. "ಕೊಟ್ಟೋನು ನಡುವಿಂದ ಎದ್ದು ಹೋಗಿಬಿಡಬೇಕು."

ಅಕ್ಕಾವರು ಒಪ್ಪಲಿಲ್ಲ, ಅಥವಾ ಅರ್ಧ ಒಪ್ಪಿದರು. ಕೊಟ್ಟವರು ಮರೆಯಾದರೆ ಸರಿ, ತಗೊಂಡವರು ಮರೆತರೆ? ಋಣ ಅನ್ನೂದು ಸುಳ್ಳೇನು? ಕುವೆಂಪು ಉದಾಹರಣೆ ಕೊಟ್ಟರು. ಕಾಲೇಜಿನ ದಿನಗಳಲ್ಲಿ ಕಾಯಿಲೆ ಬಿದ್ದು ಯಾರೂ ಇಲ್ಲದವರಂತೆ ಇದ್ದ ಮಲೆನಾಡಿನ ಹುಡುಗನನ್ನು ಮೈಸೂರಿನ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆಶ್ರಮಕ್ಕೆ ಕರೆತಂದು ಇಟ್ಟುಕೊಂಡರು. 1926ರಿಂದ ಹತ್ತು ವರ್ಷದ ಆಸುಪಾಸು ಅಲ್ಲೇ ವಾಸ. ಕುವೆಂಪು ಅದನ್ನು ಹಣದಲ್ಲಿ ತೀರಿಸಲು ಹೋಗಲಿಲ್ಲ. ರಾಮಕೃಷ್ಣರ, ವಿವೇಕಾನಂದರ ಜೀವನಚರಿತ್ರೆಗಳನ್ನು ಕನ್ನಡಕ್ಕೆ ಕೊಟ್ಟರು. ವಯಸ್ಸಾದ ಮೇಲೆ ಬರೆದ ನೆನಪಿನ ದೋಣಿಯಲ್ಲಿ ಎಂಬ ಆತ್ಮಕತೆಯಲ್ಲಿ ಆ ಸ್ವಾಮಿಗಳನ್ನು ನೆನೆದರು.

"ಮತ್ತೆ? ಅವರು ಆಶ್ರಮದ ಬಾಡಿಗೆ ಕಟ್ಟಲಿಲ್ಲವಲ್ಲ," ಎಂದು ಕಂಡಕ್ಟರ್ ಟೀಪಾಯಿಯ ಕಡೆ ನೋಡಿದರು. ನೋಟು ಹಾಗೇ ಇತ್ತು. ಫ್ಯಾನಿನ ಗಾಳಿಗೆ ಹಾರದಂತೆ ಅಕ್ಕಾವರು ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟರು.

ಆಮೇಲೆ ಮಾತು ಅತ್ತಿತ್ತ ಹರಿಯಿತು. ಅಕ್ಕಾವರು ಜೈನರ ಆಹಾರದಾನ ಕಂಡವರು. ದಿಗಂಬರ ಮುನಿ ದಿನಕ್ಕೊಮ್ಮೆ, ನಿಂತೇ, ಅಂಗೈಯಲ್ಲಿ ತೆಗೆದುಕೊಂಡು ಉಣ್ಣುತ್ತಾರೆ. ನಮ್ಮ ಮನೆಗೆ ದಯಮಾಡಿಸಿ ಎಂದು ಮನೆಯವರು ಬಾಗಿಲಲ್ಲಿ ನಿಂತು ಬೇಡುತ್ತಾರೆ. ಮುನಿ ಮುಂದಿನ ಮನೆಗೆ ಹೋದರೆ ಕೊಡಬೇಕೆಂದವರ ಮುಖ ಸಪ್ಪೆ. ಅಲ್ಲಿ ಕೈಯೊಡ್ಡಿದವರೇ ದೊಡ್ಡವರು, ಇಕ್ಕಿದವರು ಧನ್ಯರು. ಕಂಡಕ್ಟರ್ ಅಪ್ಪು ವಿಷಯ ತೆಗೆದರು. ಮೈಸೂರಿನಲ್ಲಿ ಅದಿಲ್ಲದೆ ಮಾತು ಮುಗಿಯುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದಾನವಾದ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಅವರ ಹೆಸರು ಲೋಕಕ್ಕೆ ಗೊತ್ತಿಲ್ಲ. ಆ ನಾಲ್ವರು ಯಾರಿಗೆ ಏನು ವಾಪಸು ಕೊಟ್ಟಾರು?

"ಆದ್ರ ತಗೊಳ್ಳೂದಕ್ಕೂ ಒಂದು ಅಳತಿ ಅದ," ಎಂದು ಅಕ್ಕಾವರು ಕೊನೆಯ ದಾಳ ಉರುಳಿಸಿದರು. ಕಲ್ಯಾಣದ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಕಣ್ಣಳತೆಯಲ್ಲೇ ಹಿಡಿದಳು. ಇದು ನಮ್ಮ ದಿನದ ಪಾಲಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. "ಬಡತನದಾಗ ಇದ್ದಾಕಿ ಹಂಗ ಅಂದಳು. ನಾ ಪೆನ್ಶನ್ ತಗೊಳ್ಳಾಕಿ. ದಿನಾ ನಿಮ್ಮ ಮನಿ ಅನ್ನ ಉಂಡರ ಲಕ್ಕಮ್ಮ ಏನಂದಾಳು?"

ಇದು ಗಟ್ಟಿ ಮಾತು. ಕಂಡಕ್ಟರ್‌ಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕ್ಯಾರಿಯರ್‌ನ ಕ್ಲಿಪ್ಪು ತೆಗೆದರು. ಮೇಲಿನ ಡಬ್ಬಿಯಲ್ಲಿ ಮಜ್ಜಿಗೆ, ನಡುವೆ ಬಸ್ಸಾರು, ಕೆಳಗೆ ಒದ್ದೆ ಬಟ್ಟೆ ಮುಚ್ಚಿದ ಎರಡು ಸಣ್ಣ ರಾಗಿಮುದ್ದೆ.

"ಲಕ್ಕಮ್ಮ ಜಾಸ್ತಿ ಇದ್ದಿದ್ದನ್ನ ಸುರಿದು ಬಾ ಅಂದಳು. ಆವತ್ತಿಗೆ ಎಷ್ಟು ಬೇಕೋ ಅಷ್ಟನ್ನ ಬೇಡ ಅನ್ನಲಿಲ್ವಲ್ಲಮ್ಮಾ. ನಿಮಗೆ ಕಾಲು ಸರಿಹೋಗೋವರೆಗೆ ಇದು ಜಾಸ್ತಿನಾ?"

ಅಕ್ಕಾವರು ಡಬ್ಬಿಯನ್ನೇ ನೋಡುತ್ತ ಕೂತರು. ಆಮೇಲೆ ಕನ್ನಡಕದ ಡಬ್ಬಿ ಎತ್ತಿ, ನೋಟನ್ನು ಮಡಚಿ ತಮ್ಮ ಪರ್ಸಿಗೆ ಹಾಕಿಕೊಂಡರು.

"ಒಂದು ಮಾತು ಹೇಳಲೇನು? ಬ್ಯಾಸರ ಮಾಡ್ಕೋಬ್ಯಾಡ."

"ಹೇಳಿ."

"ಈ ಮುದ್ದಿ ನನಗ ಸೇರೂದಿಲ್ಲ ತಮ್ಮಾ. ನುಂಗಾಕ ಬರೂದಿಲ್ಲ, ಅಗದರ ಹಲ್ಲಿಗಿ ಮೆತ್ಕೊಳ್ತದ. ಬಂದಾಗಿಂದ ನೀರು ಕುಡಕೋತ ಇಳಸ್ಲಿಕ್ಕೆ ಹತ್ತೀನಿ. ಸಾರೂ ಭಾಳ ಸಪ್ಪಗ."

ಕಂಡಕ್ಟರ್ ಕಣ್ಣರಳಿಸಿದರು. "ಇಷ್ಟು ದಿನ ಚೆನ್ನಾಗಿದೆ ಅಂತಿದ್ರಲ್ಲಮ್ಮಾ! ಅವಳು ಖುಷೀಲಿ ದಿನಾ ಅದನ್ನೇ ತೊಳಸ್ತಾವಳೆ."

"ಪುಕ್ಕಟೆ ಉಣ್ಣಾಕಿ ಹೆಂಗ ಅದನ್ನ, ಇದನ್ನ ಕೇಳಲಿ ಅಂತ ಸುಮ್ಮನಿದ್ದೆ."

"ಏನು ಬೇಕು, ಹೇಳಿ."

"ಚಪಾತಿ ಆದೀತು. ರೊಟ್ಟಿ ಆಕೀಗೆ ಬಡಿಯಾಕ ಬರೂದಿಲ್ಲ ಬಿಡು. ಮತ್ತ ಪಲ್ಯಕ್ಕ ಖಾರ ಇನ್ನೊಂದು ಚಮಚಾ ಹಾಕಂತ ಹೇಳು. ಬೆಲ್ಲ ಬ್ಯಾಡ."

ಆತ ಎದ್ದು ಮುದ್ದೆಯ ಡಬ್ಬಿಯನ್ನು ಮುಚ್ಚಿ ಬದಿಗಿಟ್ಟುಕೊಂಡರು. ಡ್ಯೂಟಿಗೆ ಮುಂಚೆ ಅದು ತನಗಾಯಿತು ಎಂದರು. ಗೇಟು ದಾಟುವ ಮುನ್ನ ಮನೆಯ ಕಡೆ ಕೂಗಿ ಹೆಂಡತಿಗೆ ಹೇಳಿದರು: ಟೀಚರಮ್ಮನಿಗೆ ಈಗಲೇ ಎರಡು ಚಪಾತಿ ಹಾಕು, ಹಸಿಮೆಣಸಿನಕಾಯಿ ಎರಡು ಜಾಸ್ತಿ.